ಹೊಸ ಸೈಕಲ್ ಕೊಳ್ಳುವ ಮೊದಲು, ಕೊಂಡ ಮೇಲೆ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಉಣಕಲ್‌ನಲ್ಲಿ. ಕೆಲಸ ಹುಬ್ಬಳ್ಳಿ ಸ್ಟೇಷನ್ ರಸ್ತೆ ಕಡೆ. ಹೋಗಲು ಸುಮಾರು 6 ಕಿಲೋಮೀಟರ್, ಬರಲು 6. ಒಂಬತ್ತು ವರ್ಷದಿಂದ ಸೈಕಲ್ಲಿನಲ್ಲೇ ಓಡಾಡುತ್ತಿದ್ದೇನೆ. ಹೀಗಾಗಿ ಓಣಿಯಲ್ಲಿ, ಆಫೀಸಿನಲ್ಲಿ, ಬಳಗದಲ್ಲಿ ಯಾರಿಗೆ ಸೈಕಲ್ ಬೇಕಾದರೂ ಮೊದಲು ನನಗೆ ಫೋನ್ ಬರುತ್ತದೆ. ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಂಗಡಿ ತುಂಬ ಸೈಕಲ್ ನಿಂತಿರುತ್ತವೆ. ಯಾವುದು ತಗೊಳ್ಳಲಿ?

ಅಂಗಡಿಗೆ ಹೋಗುವ ಮೊದಲು ನಿಮ್ಮ ಓಣಿಯ ಸೈಕಲ್ ಮಿಸ್ತ್ರಿ ಹತ್ತಿರ ಹೋಗಿ. ಅಲ್ಲಿ ಐದು ನಿಮಿಷ ನಿಂತು ನೋಡಿ. ಯಾವ ಅಳತೆಯ ಟೈರು ನೇತುಹಾಕಿದ್ದಾರೆ? ಯಾವ ಟ್ಯೂಬು ಇದೆ? ಡಿಸ್ಕ್ ಬ್ರೇಕಿನ ಪ್ಯಾಡು, ಗೇರಿನ ವಾಯರು ಇಟ್ಟಿದ್ದಾರಾ? ಅವರ ಹತ್ತಿರ ಇರುವ ಸಾಮಾನು ಯಾವ ಸೈಕಲ್ಲಿಗೆ ಹೊಂದುತ್ತದೋ, ಆ ಸೈಕಲ್ ನಿಮ್ಮ ಮನೆಯಲ್ಲಿ ದಿನಾ ಓಡುತ್ತದೆ. ಸಣ್ಣ ಸಾಮಾನಿಗೆ ಬೆಂಗಳೂರಿನ ದಾರಿ ಕಾಯಬೇಕಾದ ಸೈಕಲ್ ಆರು ತಿಂಗಳಿಗೆ ಮೆಟ್ಟಿಲ ಕೆಳಗೆ ಹೋಗಿ ನಿಲ್ಲುತ್ತದೆ. ನಮ್ಮ ಬಳಗದಲ್ಲೇ ಅಂಥವು ಮೂರು ಇವೆ. ಮೂರೂ ಒಳ್ಳೆಯ ಸೈಕಲ್‌ಗಳೇ.

ಆಮೇಲೆ ನಿಮ್ಮ ದಾರಿ ನೋಡಿ. ದಿನಕ್ಕೆ ನಾಲ್ಕೈದು ಕಿಲೋಮೀಟರ್, ಹೆಚ್ಚು ಏರು ಇಲ್ಲ ಅಂದರೆ ಗೇರಿಲ್ಲದ ಸಾದಾ ಸೈಕಲ್ ಸಾಕು. ಕೇಶ್ವಾಪುರ, ಗೋಕುಲ ರಸ್ತೆ, ಗದಗ-ಬೆಟಗೇರಿ ಒಳಗೆ ಓಡಾಡುವವರಿಗೆ ಬಹಳ ಸಲ ಇದೇ ಸರಿ. ದಿನಾ ಹತ್ತು ಕಿಲೋಮೀಟರ್ ಮೇಲೆ ಹೋಗುವವರು, ಧಾರವಾಡದ ಏರಿಳಿತದಲ್ಲಿ ಇರುವವರು ಗೇರಿರುವ ಹೈಬ್ರಿಡ್ ನೋಡಿ. ಅದರ ಗಾಲಿ ದೊಡ್ಡದು, ಟೈರು ತೀರ ದಪ್ಪವೂ ಅಲ್ಲ, ತೀರ ತೆಳುವೂ ಅಲ್ಲ. ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್, ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ. ಆದರೆ ಡಾಂಬರು ರಸ್ತೆಯಲ್ಲಿ ಅದರ ಹಲ್ಲು ಹಲ್ಲಿನ ಟೈರು ನಿಮ್ಮ ಶಕ್ತಿಯನ್ನೇ ತಿನ್ನುತ್ತದೆ.

ಹಾಲಿನ ಕ್ಯಾನು, ಹಿಟ್ಟಿನ ಚೀಲ ಹೇರುವವರಿಗೆ ಹಳೇ ಕಾಲದ ಕರೀ ಸೈಕಲ್ಲನ್ನು ಮೀರಿಸುವುದು ಇನ್ನೂ ಬಂದಿಲ್ಲ.

ಎಷ್ಟು ಗೇರ್ ಬೇಕು? 21 ಗೇರಿನದ್ದೇ ಒಳ್ಳೆಯದಾ?

21 ಗೇರಿನಲ್ಲಿ ಊರೊಳಗೆ ಬಳಸುವುದು ನಾಲ್ಕೋ ಐದೋ. ಮುಂದೆ ಒಂದೇ ಚಕ್ರ, ಹಿಂದೆ ಏಳು ಹಲ್ಲುಚಕ್ರ ಇರುವ ಸೈಕಲ್ ಸಿಕ್ಕರೆ ಅದೇ ಚಲೋ. ವಾಯರು ಒಂದು ಕಡಿಮೆ, ತಕರಾರೂ ಕಡಿಮೆ.

ಗೇರ್ ಏನು ಮಾಡುತ್ತದೆ ಅಂತ ಒಂದು ಲೆಕ್ಕದಲ್ಲಿ ನೋಡಿ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಹಲ್ಲುಚಕ್ರಕ್ಕೆ, ಅಂದರೆ ಫ್ರೀವೀಲ್‌ಗೆ, 18 ಹಲ್ಲು, ಗಾಲಿ 26 ಇಂಚು ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್ ಆಯಿತು. ಸಮ ರಸ್ತೆಗೆ ಇದು ಹದವಾದ ಲೆಕ್ಕ. ಏರು ಬಂದಾಗ ಮಾತ್ರ ಪ್ರತಿ ಸುತ್ತೂ ಭಾರ.

ಗೇರಿಲ್ಲದ ಸೈಕಲ್ ಇರುವವರಿಗೆ ಒಂದು ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಹಲ್ಲಿನದು ಹಾಕಿಸಿ. ತುಳಿತ ಹತ್ತರಲ್ಲಿ ಒಂದು ಪಾಲು ಹಗುರ ಆಗುತ್ತದೆ. ಚೈನು ಗಿಡ್ಡ ಆಯಿತು ಅನಿಸಿದರೆ ಮಿಸ್ತ್ರಿ ಒಂದೆರಡು ಕೊಂಡಿ ಸೇರಿಸುತ್ತಾರೆ. ಧಾರವಾಡದ ಸಪ್ತಾಪುರದಲ್ಲಿರುವ ನನ್ನ ತಂಗಿ ಹೀಗೇ ಮಾಡಿಸಿಕೊಂಡಳು. ಆಮೇಲೆ ಹೊಸ ಸೈಕಲ್ಲಿನ ಮಾತೇ ಎತ್ತಿಲ್ಲ.

ನನ್ನ ಎತ್ತರಕ್ಕೆ ಯಾವ ಅಳತೆ?

ಎಲ್ಲರೂ ಗಾಲಿಯ ಅಳತೆ ಕೇಳುತ್ತಾರೆ. ನೋಡಬೇಕಾದ್ದು ಫ್ರೇಮಿನ ಅಳತೆ. ಐದು ಅಡಿ ಎರಡು ಇಂಚಿನಿಂದ ಐದು ಅಡಿ ಐದು ಇಂಚಿನವರೆಗೆ ಇರುವವರಿಗೆ 16ರಿಂದ 17 ಇಂಚಿನ ಫ್ರೇಮು, ಐದು ಅಡಿ ಒಂಬತ್ತು ಇಂಚಿನವರೆಗೆ 18, ಅದಕ್ಕೂ ಎತ್ತರ ಇದ್ದರೆ 19 ಅಥವಾ 20. ಇದು ಅಂದಾಜು ಮಾತ್ರ, ಹತ್ತಿ ನೋಡಿದ ಮೇಲೆಯೇ ಖಾತ್ರಿ. ಸೈಕಲ್ಲನ್ನು ಕಾಲ ನಡುವೆ ಇಟ್ಟುಕೊಂಡು ಎರಡೂ ಪಾದ ನೆಲಕ್ಕೆ ಊರಿ ನಿಲ್ಲಿ. ಮೇಲಿನ ದಂಡಕ್ಕೂ ನಿಮಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕೈ ಪೂರ್ತಿ ಚಾಚಬೇಕಾಗಿ ಬಂದರೆ ಆ ಸೈಕಲ್ ನಿಮಗೆ ಉದ್ದ.

ಮಕ್ಕಳಿಗೆ “ಮುಂದೆ ಬೆಳೀತಾನ” ಅಂತ ದೊಡ್ಡದು ತರಬೇಡಿ. ಬ್ರೇಕಿಗೆ ಬೆರಳು ಎಟುಕದ ಸೈಕಲ್ ಮಗುವಿಗೆ ಅಪಾಯ.

ಸೀಟು ಎಷ್ಟು ಎತ್ತರ ಇಡಬೇಕು?

ಈ ಒಂದು ಉತ್ತರ ಓದಿದರೂ ನನಗೆ ಸಂತೋಷ. ನಮ್ಮ ಕಡೆ ಹತ್ತರಲ್ಲಿ ಎಂಟು ಜನ ಸೀಟು ತೀರ ಕೆಳಗಿಟ್ಟು ತುಳಿಯುತ್ತಾರೆ. ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು ಅನ್ನುವ ಆಸೆ. ಕಾಲು ಮಡಚಿಕೊಂಡೇ ತುಳಿದು ತುಳಿದು ಮೊಣಕಾಲು ಹಿಡಿಯುತ್ತದೆ. ಆಮೇಲೆ ಸೈಕಲ್ಲಿನದೇ ತಪ್ಪು ಅಂತ ಬಿಟ್ಟುಬಿಡುತ್ತಾರೆ.

ನಾನೂ ಮೊದಲ ಮೂರು ತಿಂಗಳು ಹಾಗೇ ತುಳಿದೆ. ಒಂದು ದಿನ ಹವಾ ಹೊಡೆಸಲು ನಿಂತಾಗ ಮಿಸ್ತ್ರಿಯವರು ಸುಮ್ಮನೆ ನೋಡುತ್ತಿದ್ದರು. “ಅಕ್ಕಾರ, ಸೀಟ ಭಾಳ ತಗ್ಗ ಐತಿ ನೋಡ್ರಿ. ಮೊಳಕಾಲ ನೋವ ಅದಕ್ಕ ಬರತೈತಿ” ಅಂದರು. ನೋವಿನ ಮಾತನ್ನು ನಾನು ಅವರ ಮುಂದೆ ಎತ್ತಿರಲೇ ಇಲ್ಲ. ಪಾನಾ ತಗೊಂಡು ಬೋಲ್ಟ್ ಸಡಿಲಿಸಿ, ಸೀಟನ್ನು ಎರಡು ಬೆರಳು ಮೇಲೆತ್ತಿ ಬಿಗಿದರು. ಎರಡೇ ನಿಮಿಷದ ಕೆಲಸ. ದುಡ್ಡೂ ತಗೊಳ್ಳಲಿಲ್ಲ. ಹದಿನೈದು ದಿನದಲ್ಲಿ ನೋವು ಹೋಯಿತು.

ಅಳತೆ ಹೀಗೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತುಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಈಗ ಹಿಮ್ಮಡಿ ತೆಗೆದು ಪಾದದ ಮುಂಭಾಗ ಇಡಿ. ಮೊಣಕಾಲು ಸ್ವಲ್ಪವೇ ಬಾಗುತ್ತದೆ. ಅದೇ ನಿಮ್ಮ ಎತ್ತರ. ಸೀಟು ಏರಿಸುವಾಗ ಸೀಟಿನ ಕೊಳವೆ ಮೇಲೆ ಕೊರೆದ ಗೆರೆ ಕಾಣದಂತೆ ನೋಡಿಕೊಳ್ಳಿ. ಗೆರೆ ಹೊರಗೆ ಕಂಡರೆ ಕೊಳವೆ ಮುರಿಯಬಹುದು.

ಎತ್ತರ ಸರಿ ಇದ್ದರೆ, ಸೀಟಿನ ಮೇಲೆ ಕೂತಾಗ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಹೆದರಬೇಡಿ. ಸಿಗ್ನಲ್ ಬಂದಾಗ ಸೀಟಿನಿಂದ ಮುಂದೆ ಜಾರಿ ಇಳಿದು ನಿಲ್ಲುವುದನ್ನು ರೂಢಿ ಮಾಡಿ. ಒಂದು ವಾರದಲ್ಲಿ ಬರುತ್ತದೆ.

ಡಿಸ್ಕ್ ಬ್ರೇಕ್ ಬೇಕಾ?

ಬೇಕೇ ಬೇಕು ಅಂತ ಏನಿಲ್ಲ. ರಿಮ್ ಅಲ್ಯೂಮಿನಿಯಂನದಾಗಿದ್ದರೆ ರಿಮ್ ಹಿಡಿಯುವ ವಿ-ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಹೊಳೆಯುವ ಸ್ಟೀಲ್ ರಿಮ್ ಮಳೆಯಲ್ಲಿ ಜಾರುತ್ತದೆ, ಬ್ರೇಕ್ ಒತ್ತಿದರೂ ಸೈಕಲ್ ಓಡುತ್ತಲೇ ಇರುತ್ತದೆ. ಹಾಗಾಗಿ ಬ್ರೇಕಿನ ಜೊತೆ ರಿಮ್ ಯಾವುದು ಅಂತಲೂ ಕೇಳಿ. ಡಿಸ್ಕ್ ತಗೊಂಡರೆ ವಾಯರಿನದು ತಗೊಳ್ಳಿ, ಎಣ್ಣೆಯ ಡಿಸ್ಕ್ ರಿಪೇರಿ ಎಲ್ಲರಿಗೂ ಬರುವುದಿಲ್ಲ. ಡಿಸ್ಕ್ ತಟ್ಟೆಗೆ ಮಾತ್ರ ಒಂದು ಹನಿ ಎಣ್ಣೆಯೂ ತಾಗಬಾರದು.

ಮುಂದೆ ಶಾಕ್ ಇದ್ದರೆ ಗುಂಡಿಗೆ ಒಳ್ಳೆಯದಲ್ವಾ?

ಕಡಿಮೆ ಬೆಲೆಯ ಸೈಕಲ್ಲಿನ ಶಾಕ್ ಭಾರ ಜಾಸ್ತಿ, ಕೆಲಸ ಕಡಿಮೆ. ಏರಿನಲ್ಲಿ ನೀವು ತುಳಿದ ಶಕ್ತಿಯೆಲ್ಲ ಆ ಸ್ಪ್ರಿಂಗ್ ಕುಣಿಯಲು ಹೋಗುತ್ತದೆ. ಗುಂಡಿಗೆ ಉತ್ತರ ಟೈರು. 35ರಿಂದ 45 ಮಿಲಿಮೀಟರ್ ಅಗಲದ ಟೈರಿಗೆ ಹದವಾಗಿ ಹವಾ ಇದ್ದರೆ ನಮ್ಮ ರಸ್ತೆಗೆ ಸಾಕು. ಹಿಂದೆಯೂ ಶಾಕ್ ಇರುವುದಂತೂ ಬೇಡವೇ ಬೇಡ.

ಸೀರೆ, ಚೂಡಿದಾರ ಉಟ್ಟು ಹೋಗಬಹುದಾ?

ಖಂಡಿತ. ದಂಡ ಕೆಳಗಿರುವ ಫ್ರೇಮು, ಪೂರ್ತಿ ಮುಚ್ಚುವ ಚೈನ್ ಕವರ್, ಹಿಂದಿನ ಗಾಲಿಗೆ ಜಾಳಿಗೆ, ಇವು ಮೂರು ಇರಲಿ. ದುಪಟ್ಟಾ ಹಿಂದೆ ಇಳಿಬಿಡದೆ ಅಡ್ಡ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳಿ. ಬುತ್ತಿ ಚೀಲ ಹ್ಯಾಂಡಲ್‌ಗೆ ನೇತುಹಾಕಬೇಡಿ. ತಿರುಗುವಾಗ ಅದು ಮುಂದಿನ ಗಾಲಿಗೆ ಸಿಕ್ಕು ಬಿದ್ದವರನ್ನು ನೋಡಿದ್ದೇನೆ. ಕ್ಯಾರಿಯರ್‌ಗೆ ಕಟ್ಟಿ, ಇಲ್ಲವೇ ಮುಂದೆ ಬುಟ್ಟಿ ಹಾಕಿಸಿ. ಬೆನ್ನಿಗೆ ಚೀಲ ಹಾಕಿದರೆ ಆಫೀಸು ಮುಟ್ಟುವಷ್ಟರಲ್ಲಿ ಬೆನ್ನೆಲ್ಲ ಬೆವರು.

ಬೆಲೆ ಎಷ್ಟಾಗುತ್ತದೆ?

ಗೇರಿಲ್ಲದ ಒಳ್ಳೆಯ ಸೈಕಲ್ಲಿಗೆ 6,000ದಿಂದ 9,000 ರೂಪಾಯಿ ಇಟ್ಟುಕೊಳ್ಳಿ. ಗೇರಿನ ಹೈಬ್ರಿಡ್‌ಗೆ 15,000ದ ಮೇಲೆ. ಇಷ್ಟೇ ಅಂದುಕೊಂಡು ಹೋಗಬೇಡಿ. ಬೀಗ, ಹಿಂದೆ ಮುಂದೆ ದೀಪ, ಮಡ್‌ಗಾರ್ಡ್, ಕ್ಯಾರಿಯರ್, ಹೆಲ್ಮೆಟ್, ಕೈಪಂಪು, ಎಲ್ಲ ಸೇರಿ ಇನ್ನೊಂದು ಎರಡು ಮೂರು ಸಾವಿರ ಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಪೆಡಲ್ ನಡುವಿನ ಎಕ್ಸೆಲ್ ಕೆಳಗೆ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದರ ಫೋಟೋ ತೆಗೆದು ಬಿಲ್ಲಿನ ಜೊತೆ ಇಡಿ. ಕಳುವಾದರೆ ದೂರು ಕೊಡಲು ಅದೇ ಆಧಾರ.

ಆನ್‌ಲೈನ್‌ನಲ್ಲಿ ತರಿಸಬಹುದಾ?

ಪೆಟ್ಟಿಗೆಯಲ್ಲಿ ಬರುವ ಸೈಕಲ್ ಪೂರ್ತಿ ಜೋಡಿಸಿರುವುದಿಲ್ಲ. ಹ್ಯಾಂಡಲ್, ಪೆಡಲ್, ಮುಂದಿನ ಗಾಲಿ ನೀವೇ ಕೂರಿಸಬೇಕು. ನನ್ನ ಎರಡನೇ ಸೈಕಲ್ ಹಾಗೆ ತರಿಸಿದೆ, ಜೋಡಿಸಲು ಬಂದ ಹುಡುಗನೂ ಅವಸರದಲ್ಲಿದ್ದ. ಮರುದಿನ ತಿರುವಿನಲ್ಲಿ ಪ್ರತಿ ಸಲ ಬೂಟಿನ ತುದಿ ಮುಂದಿನ ಟೈರಿಗೆ ತಾಗತೊಡಗಿತು. ನೋಡಿದರೆ ಮುಂದಿನ ಫೋರ್ಕು ಹಿಂದುಮುಂದಾಗಿತ್ತು. ಬ್ರೇಕು ಸವಾರನ ಕಡೆಗೆ ಮುಖ ಮಾಡಿತ್ತು. ಅವತ್ತು ಬೀಳಲಿಲ್ಲ, ಅದೇ ದೊಡ್ಡದು. ಫೋರ್ಕಿನ ತುದಿ ಮುಂದಕ್ಕೆ ಬಾಗಿರಬೇಕು, ರಿಮ್ ಹಿಡಿಯುವ ಬ್ರೇಕು ಮುಂದೆ ಇರಬೇಕು.

ಇನ್ನೊಂದು, ಎಡಗಡೆ ಪೆಡಲಿನ ತಿರುಪು ಉಲ್ಟಾ. ಬಿಗಿಯಲು ಎಡಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಬಲಕ್ಕೆ ಒತ್ತಿ ಬಿಗಿದರೆ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಗೀರುಗಳೇ ಹಾಳು. ತರಿಸಿದರೂ ಚಿಂತೆಯಿಲ್ಲ, ಜೋಡಿಸುವ ಕೆಲಸ ಮಾತ್ರ ಮಿಸ್ತ್ರಿಗೇ ಕೊಡಿ.

ಅಂಗಡಿಯಿಂದ ಹೊರಗೆ ತರುವಾಗ ಏನು ನೋಡಬೇಕು?

ಗಾಲಿ ಎತ್ತಿ ತಿರುಗಿಸಿ. ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮ ಕಾಣಬೇಕು. ಅತ್ತಿತ್ತ ಓಲಾಡಿದರೆ ಅಲ್ಲೇ ಔಟ್ ತೆಗೆಸಿ, ಅಂದರೆ ಗಾಲಿ ನೆಟ್ಟಗೆ ಮಾಡಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ಬುಡದಲ್ಲಿ ಕಟಕಟ ಅನ್ನಬಾರದು. ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ಹ್ಯಾಂಡಲ್ ಒಂದೇ ತಿರುಗಿದರೆ ಬಿಗಿ ಸಾಲದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಗಾಲಿಗೆ. ಆದರೂ ಒತ್ತಿ ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಮೊದಲ ಸವಾರಿ ಎಲ್ಲಿ ಮಾಡಲಿ?

ರವಿವಾರ ಬೆಳಿಗ್ಗೆ. ಹುಬ್ಬಳ್ಳಿಯವರು ನಿಮ್ಮ ಬಡಾವಣೆಯ ಒಳರಸ್ತೆಯಲ್ಲಿ, ಧಾರವಾಡದವರು ಕರ್ನಾಟಕ ಕಾಲೇಜು ಮೈದಾನದ ಕಡೆ. ಮೊದಲ ಹತ್ತು ನಿಮಿಷ ಬ್ರೇಕ್ ಕಲಿಯಲು ಇಡಿ. ಸ್ವಲ್ಪ ವೇಗ ತಗೊಳ್ಳಿ, ಎರಡೂ ಬ್ರೇಕ್ ಒಟ್ಟಿಗೆ, ನಿಧಾನಕ್ಕೆ ಒತ್ತಿ ನಿಲ್ಲಿಸಿ. ಇಪ್ಪತ್ತು ಸಲ ಮಾಡಿ. ಹೊಸ ಡಿಸ್ಕ್ ಇದ್ದರೆ ಅದು ಕಚ್ಚಲು ಶುರುವಾಗುವುದೂ ಇಷ್ಟಾದ ಮೇಲೆಯೇ. ಮುಂದಿನ ಬ್ರೇಕನ್ನು ಒಮ್ಮೆಗೇ ಹಿಂಡಬೇಡಿ, ಹಿಂದಿನ ಗಾಲಿ ಎದ್ದುಬಿಡುತ್ತದೆ. ಆಮೇಲೆ ಒಂದು ಕೈ ಬಿಟ್ಟು ಬಲಕ್ಕೆ ಕೈ ತೋರಿಸುವುದು, ತಿರುಗಿ ಹಿಂದೆ ನೋಡುವುದು. ಹಿಂದೆ ನೋಡಿದಾಗ ಹ್ಯಾಂಡಲ್ಲೂ ಆ ಕಡೆಗೇ ಎಳೆಯುತ್ತದೆ. ಅದು ಹಿಡಿತಕ್ಕೆ ಬರುವ ತನಕ ದೊಡ್ಡ ರಸ್ತೆ ಬೇಡ.

ಅದೇ ದಿನ ಆಫೀಸಿನ ದಾರಿಯನ್ನೂ ಒಮ್ಮೆ ಹೋಗಿ ಬನ್ನಿ. ಎಷ್ಟು ಹೊತ್ತು ಬೇಕು ಅಂತ ತಿಳಿಯುತ್ತದೆ.

ಚನ್ನಮ್ಮ ಸರ್ಕಲ್, ಹೊಸೂರು, ಬಿಆರ್‌ಟಿಎಸ್ ರಸ್ತೆ ಹೇಗೆ ದಾಟುವುದು?

ಮೊದಲ ಹದಿನೈದು ದಿನ ಚನ್ನಮ್ಮ ಸರ್ಕಲ್‌ನಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜೊತೆ ದಾಟಿ. ನಾನು ಇವತ್ತಿಗೂ ಸಂಜೆ ಆರರ ಹೊತ್ತಿಗೆ ಹಾಗೇ ದಾಟುತ್ತೇನೆ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಚಿಗರಿ ಬಸ್ಸಿನ, ಅಂದರೆ ಬಿಆರ್‌ಟಿಎಸ್ ಬಸ್ಸಿನ, ದಾರಿ ಖಾಲಿ ಕಾಣುತ್ತದೆ ಅಂತ ಅದರಲ್ಲಿ ನುಗ್ಗಬೇಡಿ. 2018ರಲ್ಲಿ ಆ ಬಸ್ಸು ಓಡಲು ಶುರುವಾದಾಗಿನಿಂದ ನಡುವಿನ ದಾರಿ ಅದಕ್ಕೇ ಮೀಸಲು. ಬಸ್ಸು ವೇಗವಾಗಿ ಬರುತ್ತದೆ, ಎರಡೂ ಕಡೆ ಕಟಕಟೆ ಇರುವಲ್ಲಿ ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ. ಪಕ್ಕದ ರಸ್ತೆಯಲ್ಲಿ ಎಡಕ್ಕೆ ಇರಿ, ಆದರೆ ತೀರ ಗಟಾರಿಗೆ ಒತ್ತಿಕೊಂಡು ಹೋಗಬೇಡಿ. ನಿಂತ ಆಟೋದಿಂದ ಒಂದು ಮಾರು ದೂರ ಇರಲಿ, ಯಾರು ಯಾವಾಗ ಇಳಿಯುತ್ತಾರೋ ಗೊತ್ತಾಗುವುದಿಲ್ಲ. ನಿಂತ ಬಸ್ಸಿನ ಎಡಗಡೆಯಿಂದ ಎಂದೂ ನುಸುಳಬೇಡಿ. ರೈಲು ಹಳಿ ಸಿಕ್ಕರೆ ನೇರ ಅಡ್ಡಕ್ಕೆ ದಾಟಿ. ಓರೆಯಾಗಿ ಹೋದರೆ ಗಾಲಿ ಸಂದಿಗೆ ಸಿಗುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು?

ಮಳೆಗಿಂತ ನಮ್ಮ ಎರಿ ಮಣ್ಣು ದೊಡ್ಡ ಪರೀಕ್ಷೆ. ಒಮ್ಮೆ ಅಣ್ಣಿಗೇರಿ ಕಡೆ ನೆಂಟರ ಹೊಲಕ್ಕೆ ಮಳೆ ನಿಂತ ಮೇಲೆ ಸೈಕಲ್ ತಗೊಂಡು ಹೋದೆ. ಡಾಂಬರು ಬಿಟ್ಟು ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ. ಕರೀ ಮಣ್ಣು ಟೈರಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ಗಿಡಿದು, ಗಾಲಿ ತಿರುಗುವುದೇ ನಿಂತಿತು. ತಳ್ಳಿದರೆ ಗಾಲಿ ಜಾರುತ್ತಿತ್ತು, ತಿರುಗುತ್ತಿರಲಿಲ್ಲ. ಬೇಲಿಯ ಕಡ್ಡಿ ಮುರಿದು ಮಣ್ಣು ಕೆದರಿ ತೆಗೆಯುವುದಕ್ಕೆ ಅರ್ಧ ತಾಸು ಬೇಕಾಯಿತು. ಆದ್ದರಿಂದ ಎರಿ ಹೊಲದ ದಾರಿ ಇರುವವರು, ನವಲಗುಂದ, ಅಣ್ಣಿಗೇರಿ, ಗದಗಿನ ಹಳ್ಳಿಗಳವರು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹೆಬ್ಬೆರಳು ಹೋಗುವಷ್ಟು ಜಾಗ ಇರುವ ಸೈಕಲ್ಲೇ ಆರಿಸಿ. ಮಣ್ಣು ಒಣಗುವ ತನಕ ಡಾಂಬರು ಬಿಡಬೇಡಿ.

ಊರೊಳಗಿನವರಿಗೆ ಉದ್ದ ಮಡ್‌ಗಾರ್ಡ್ ಇದ್ದರೆ ಸಾಕು. ನೀರು ನಿಂತ ಕಡೆ ಗುಂಡಿ ಎಷ್ಟು ಆಳ ಅಂತ ಕಾಣುವುದಿಲ್ಲ, ಇಳಿದು ಹೋಗಿ. ಮನೆಗೆ ಬಂದ ಮೇಲೆ ಚೈನು ಒರೆಸಿ, ಒಣಗಿದ ಮೇಲೆ ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಟ್ಟು, ಮೇಲಿನ ಜಿಡ್ಡು ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಹವಾ ಎಷ್ಟಿರಬೇಕು? ಪಂಚರ್ ಆಗದಂತೆ ಏನು ಮಾಡಲಿ?

ಟೈರಿನ ಮಗ್ಗುಲಲ್ಲೇ ಪಿಎಸ್‌ಐ (ಹವಾದ ಒತ್ತಡದ ಅಳತೆ) ಲೆಕ್ಕದಲ್ಲಿ ಬರೆದಿರುತ್ತದೆ. ಅದರ ನಡುವಿನ ಅಂಕಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಹವಾ ಹೊಡೆಯಿರಿ. ಅರ್ಧ ಪಂಚರ್ ಇದರಲ್ಲೇ ತಪ್ಪುತ್ತದೆ, ಹವಾ ಕಡಿಮೆ ಇದ್ದಾಗಲೇ ಗುಂಡಿಯ ಅಂಚಿಗೆ ಬಡಿದು ಟ್ಯೂಬು ಸೀಳುವುದು. ಪೆಟ್ರೋಲ್ ಬಂಕಿನ ಯಂತ್ರದಲ್ಲಿ ಹೊಡೆಸುವಾಗ ಹುಷಾರು, ಸೈಕಲ್ ಟ್ಯೂಬು ಕ್ಷಣದಲ್ಲಿ ತುಂಬಿ ಒಡೆಯುತ್ತದೆ. ಉಳಿದರ್ಧ ಜಾಲಿ ಮುಳ್ಳು, ನೆಗ್ಗಿಲ ಮುಳ್ಳಿನ ಕೆಲಸ. ಪಂಚರ್ ತೆಗೆಸಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬನ್ನೂ ಬಿಡುವುದಿಲ್ಲ.

ಮೊದಲ ವಾರ ಕೂರುವ ಜಾಗವೆಲ್ಲ ನೋವು. ಮೆತ್ತನೆ ಸೀಟು ಹಾಕಿಸಲಾ?

ಎರಡು ವಾರ ತಾಳಿ. ಮೈಗೆ ರೂಢಿಯಾಗುತ್ತದೆ. ತೀರ ಮೆತ್ತನೆ ಸೀಟು ಮೊದಲ ದಿನ ಹಿತ, ಆಮೇಲೆ ಒತ್ತಿ ಒತ್ತಿ ಜೋಮು ಹಿಡಿಸುತ್ತದೆ. ಎರಡು ವಾರ ಆದ ಮೇಲೂ ನೋವಿದ್ದರೆ ಅಗಲ ಬೇರೆ ಇರುವ ಸೀಟು ನೋಡಿ.

ಹೊಸ ಸೈಕಲ್ ಯಾಕೆ ಸದ್ದು ಮಾಡುತ್ತದೆ?

ಹೊಸ ವಾಯರು ಹಿಗ್ಗುತ್ತದೆ, ಸ್ಪೋಕ್ ಸಡಿಲಾಗುತ್ತದೆ, ಬೋಲ್ಟು ಕೂರುತ್ತದೆ. ಹಾಗಾಗಿ 100ರಿಂದ 150 ಕಿಲೋಮೀಟರ್ ಆದ ಮೇಲೆ, ಅಂದರೆ ಸುಮಾರು ಎರಡು ವಾರಕ್ಕೆ, ಮಿಸ್ತ್ರಿ ಹತ್ತಿರ ಒಯ್ಯಲೇಬೇಕು. ಮುಖ್ಯವಾಗಿ ಎಡಗಡೆ ಕ್ರ್ಯಾಂಕಿನ ಬೋಲ್ಟ್. ತುಳಿದಾಗ ಸುತ್ತಿಗೊಮ್ಮೆ ಟಕ್, ಟಕ್ ಅಂದರೆ ಅದು ಸಡಿಲಾಗಿದೆ. ಅವತ್ತೇ ಬಿಗಿಸಿದರೆ ಖರ್ಚಿಲ್ಲ. ಹಾಗೇ ವಾರ ತುಳಿದರೆ ಒಳಗಿನ ಚೌಕ ಸವೆದು ಕ್ರ್ಯಾಂಕನ್ನೇ ಬದಲಿಸಬೇಕು.

ನನಗೆ ಸೈಕಲ್ ಬರುವುದೇ ಇಲ್ಲ. ಈ ವಯಸ್ಸಿಗೆ ಕಲಿಯಬಹುದಾ?

ಕಲಿಯಬಹುದು. ಹಿಂದೆ ಯಾರೂ ಹಿಡಿದು ಓಡುವುದು ಬೇಡ. ಎರಡೂ ಪೆಡಲ್ ಬಿಚ್ಚಿಸಿ, ಸೀಟು ತಗ್ಗಿಸಿ. ಕಾಲಲ್ಲೇ ನೆಲ ಒದ್ದು ಒದ್ದು ಮುಂದೆ ಹೋಗಿ. ಒಂದು ಗಂಟೆಯಲ್ಲಿ ಕಾಲೆತ್ತಿ ಹತ್ತು ಹೆಜ್ಜೆ ತೇಲುತ್ತೀರಿ. ತೋಲ ಬಂದ ಮೇಲೆ ಪೆಡಲ್ ಹಾಕಿಸಿ. ಕೊನೆಗೆ ಸೀಟು ಮತ್ತೆ ಏರಿಸಿ. ನಮ್ಮ ಓಣಿಯಲ್ಲಿ 51 ವರ್ಷದ ಕಾಕು ಒಬ್ಬರು ನಾಲ್ಕು ರವಿವಾರದಲ್ಲಿ ಕಲಿತರು.

ಜನ ಏನಂತಾರೆ ಅಂತ ಹೆಣ್ಣುಮಕ್ಕಳು ಕೇಳುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಅವತ್ತು ಸಾಲಾಗಿ ಶಾಲೆಗೆ ಹೋಗುತ್ತಿದ್ದ ಹುಡುಗಿಯರು ಈಗ ಮೂವತ್ತು ದಾಟಿದ ತಾಯಂದಿರು. ಅವರಿಗೆಲ್ಲ ಸೈಕಲ್ ಬರುತ್ತದೆ. ನಿಮಗೆ ಕಲಿಸಲು ಅವರನ್ನೇ ಕೇಳಿ.

ಲೈಸೆನ್ಸ್ ಬೇಕಾ? ಎಲೆಕ್ಟ್ರಿಕ್ ಸೈಕಲ್ಲಿಗೆ?

ಸಾದಾ ಸೈಕಲ್ಲಿಗೆ ಬೇಡ. ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರುವ ಎಲೆಕ್ಟ್ರಿಕ್ ಸೈಕಲ್ಲಿಗೂ ಲೈಸೆನ್ಸ್ ಬೇಡ, ನೋಂದಣಿಯೂ ಬೇಡ.

ಖಂಡೇಪೂಜೆಗೆ (ಆಯುಧಪೂಜೆಗೆ) ಹೊಸ ಸೈಕಲ್ ತರುತ್ತಿದ್ದೇವೆ. ಏನಾದರೂ ಎಚ್ಚರ?

ಚೆಂಡು ಹೂವಿನ ಮಾಲೆಯನ್ನು ಹ್ಯಾಂಡಲ್‌ಗೆ ಮಾತ್ರ ಹಾಕಿ. ಹಿಂದಿನ ಗಾಲಿಯ ಹತ್ತಿರ ಕಟ್ಟಿದರೆ ದಾರ ಫ್ರೀವೀಲಿಗೆ ಸುತ್ತಿಕೊಳ್ಳುತ್ತದೆ. ಕುಂಕುಮ, ಎಣ್ಣೆ ಬ್ರೇಕಿನ ಜಾಗಕ್ಕೆ ತಾಗದಿರಲಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸೈಕಲ್ಲಿನಲ್ಲಿ ಯಾವಾಗ ಹೋಗಬಹುದು?

ಒಂದು ತಿಂಗಳು ದಿನಾ ತುಳಿದ ಮೇಲೆ. ದೂರ ಸುಮಾರು 20 ಕಿಲೋಮೀಟರ್. ಧಾರವಾಡ ಎತ್ತರದಲ್ಲಿದೆ, ಹಾಗಾಗಿ ಹೋಗುವಾಗ ಕಷ್ಟ, ಬರುವಾಗ ಹಗುರ. ಆಷಾಢದಲ್ಲಿ ಪಡುವಣ ಗಾಳಿಯೂ ಎದುರಿಗೆ ಬೀಸುತ್ತದೆ. ಗದಗಿನಿಂದ ಹುಬ್ಬಳ್ಳಿ ಕಡೆ ಬರುವವರಿಗಂತೂ ಆ ಗಾಳಿ ಒಂದು ಏರಿಗೆ ಸಮ. ಅದಕ್ಕೆ ಮೊದಲ ಸಲ ದೀಪಾವಳಿ ಆದ ಮೇಲೆ, ರವಿವಾರ, ಬೆಳಕು ಹರಿದ ಕೂಡಲೇ ಹೊರಡಿ. ನವನಗರದಲ್ಲಿ ಒಮ್ಮೆ, ಸತ್ತೂರಿನಲ್ಲಿ ಒಮ್ಮೆ ನಿಂತು ನೀರು ಕುಡಿಯಿರಿ. ಒಂದೂವರೆ ತಾಸು ಹಿಡಿಯಲಿ ಬಿಡಿ. ಜುಬಿಲಿ ಸರ್ಕಲ್ ಮುಟ್ಟಿ ಚಹಾ ಕುಡಿದು, ಹೊರಡುವ ಮೊದಲು ಎರಡೂ ಬ್ರೇಕ್ ಇನ್ನೊಮ್ಮೆ ಒತ್ತಿ ನೋಡಿ. ಬರುವಾಗ ಇಳಿಜಾರು ಇದೆ.